ಹೆಗಲ ಮೇಲಿನ ತೋರ್ತು

ಹಯವದನರಾಯರಿಗೆ ಮಲಯಾಳ ಬರುತ್ತಿರಲಿಲ್ಲ. ಕಲಿಯಬೇಕು ಅಂತ ಅವರಿಗೆ ಅನ್ನಿಸಿಯೂ ಇರಲಿಲ್ಲ. ಎರ್ನಾಕುಲಂಗೆ ಬಂದು ಒಂದು ಮಳೆಗಾಲ ಕಳೆದು ಇನ್ನೊಂದು ಶುರುವಾಗಿದ್ದರೂ ಆ ಊರಿನ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲು ಅವರಿಂದ ಆಗುತ್ತಿರಲಿಲ್ಲ. ಯಾಕೆ ಆಗಬೇಕು ಹೇಳಿ. ಮಾತಾಡಲು ಬೇರೆಯವರ ಬಾಯಿ ಇತ್ತಲ್ಲ. ಆ ಬಾಯಿ ಜಯಮ್ಮನದು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಡೆಯ ಒಂದು ಕಾಗದದ ಮಿಲ್ಲು ಎರ್ನಾಕುಲಂ ಮಾರ್ಕೆಟ್ಟಿನ ಕಾಲುವೆಯ ದಂಡೆಯಲ್ಲಿ ಗೋಡೌನು ಹಿಡಿದಿತ್ತು. ಬರೆಯುವ ಕಾಗದ ಅಲ್ಲ, ಸುತ್ತುವ ಕಾಗದ. ಕಂದು ಬಣ್ಣದ್ದು, ದಪ್ಪನೆಯದು. ಬಟ್ಟೆ ಅಂಗಡಿಯವರಿಗೆ, ಗೋಡಂಬಿ ಫ್ಯಾಕ್ಟರಿಯವರಿಗೆ, ಚಹಾ ಕಂಪನಿಯವರಿಗೆ ಎಲ್ಲರಿಗೂ ಅದು ಬೇಕು. ಮಿಲ್ಲಿನವರು ಮ್ಯಾನೇಜರು ಅಂತ ಹಯವದನರಾಯರನ್ನು ಕಳಿಸಿದರು. ಕಾವಲಿಗೆ ಅಂತ ನಂಜನಗೂಡು ಕಡೆಯ ಪುಟ್ಟಸ್ವಾಮಿಯನ್ನು ಕಳಿಸಿದರು. ಪುಟ್ಟಸ್ವಾಮಿಯ ಹಿಂದೆ ಅವನ ಹೆಂಡತಿ ಜಯಮ್ಮ, ಕಂಕುಳಲ್ಲಿ ರಾಗಿಹಿಟ್ಟಿನ ಗಂಟು ಇಟ್ಟುಕೊಂಡು ರೈಲು ಇಳಿದಳು.

ಇಳಿದ ಕೂಡಲೇ ಹೊರುವ ಕೆಲಸಕ್ಕೆ ಸೇರಿದಳು. ಕಾಗದ ಬರುತ್ತಿದ್ದುದು ಗೂಡ್ಸ್ ರೈಲಿನಲ್ಲಿ. ಹಾರ್ಬರಿನ ಹತ್ತಿರ ವ್ಯಾಗನ್ನಿನಿಂದ ಇಳಿಸಿ ದೋಣಿಗೆ ಹಾಕುತ್ತಿದ್ದರು. ದೋಣಿ ಹಿನ್ನೀರು ದಾಟಿ ಕಾಲುವೆಯೊಳಗೆ ಬಂದು ಕಟ್ಟೆಗೆ ನಿಲ್ಲುತ್ತಿತ್ತು. ಅಲ್ಲಿಂದ ಗೋಡೌನಿನ ತನಕ ಹೆಂಗಸರ ತಲೆ. ಒಂದೊಂದು ಕಟ್ಟು ಕುತ್ತಿಗೆಯನ್ನು ಭುಜದೊಳಗೆ ಇಳಿಸಿಬಿಡುವಷ್ಟು ಭಾರ. ದೊಡ್ಡ ಉರುಳೆಗಳನ್ನು ಗಂಡಾಳುಗಳು ಹಲಗೆಯ ಮೇಲೆ ಉರುಳಿಸುತ್ತಿದ್ದರು. ಗಂಡಾಳುಗಳಿಗೆ ಯೂನಿಯನ್ನು ಇತ್ತು, ಕೆಂಪು ಬಾವುಟ ಇತ್ತು, ಬೀಡಿ ಸೇದಲು ಬಿಡುವಿತ್ತು. ಹೆಂಗಸರಿಗೆ ಕೂಲಿ ಇತ್ತು, ಅಷ್ಟೆ.

ಮಲಯಾಳ ಕಲಿಯಲು ಜಯಮ್ಮ ಪುಸ್ತಕ ಹಿಡಿಯಲಿಲ್ಲ. ಬೈಸಿಕೊಂಡು ಕಲಿತಳು, ತಿರುಗಿ ಬೈದು ಕಲಿತಳು, ಉಳಿದದ್ದನ್ನು ತ್ರೇಸ್ಯಾ ಚೇಟತ್ತಿ ಕಲಿಸಿದಳು. ತ್ರೇಸ್ಯಾ ಆ ಗುಂಪಿನಲ್ಲಿ ಹಿರಿಯಳು, ಕ್ರೈಸ್ತರವಳು, ಚೇಟತ್ತಿ ಅಂದರೆ ಅಕ್ಕ. ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ಲೋಕಕ್ಕೆಲ್ಲ ಬುದ್ಧಿ ಹೇಳುವವಳು. ಜಯಮ್ಮ ತಪ್ಪು ತಪ್ಪಾಗಿ ಮಾತಾಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಕ್ಕು ಮುಗಿಸಿ ತಿದ್ದುತ್ತಿದ್ದಳು. ಮೊದಲ ಮಳೆಗಾಲ ಬರುವಷ್ಟರಲ್ಲಿ ಜಯಮ್ಮ ಮೀನಿನವನ ಹತ್ತಿರ ಜಗಳ ಆಡಿ ಗೆದ್ದಳು. ಭಾಷೆ ಬಂದಿದೆ ಅನ್ನುವುದಕ್ಕೆ ಇನ್ನೇನು ಬೇಕು?

ಅಲ್ಲಿಂದ ರಾಯರ ಮಾತೆಲ್ಲ ಇವಳ ಬಾಯಿಂದಲೇ ಇಳಿಯತೊಡಗಿತು. ರಾಯರು ಜಗಲಿಯ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದರು. ಜಯಮ್ಮ ಕೆಳಗೆ ನಿಂತು ಮಲಯಾಳದಲ್ಲಿ ಹೇಳುತ್ತಿದ್ದಳು. ಅದಕ್ಕೆ ಬೇರೆ ಕೂಲಿ ಇರಲಿಲ್ಲ.

ರಾಯರಿಗೆ ಕಾಗದದ ಮೇಲೆ ಪ್ರಾಣ, ಇದನ್ನು ಒಪ್ಪಲೇಬೇಕು. ಕಟ್ಟು ನೆಲಕ್ಕೆ ತಾಗಬಾರದು, ಕೆಳಗೆ ಹಲಗೆ ಇರಬೇಕು. ಗೋಡೆಗೆ ಒರಗಬಾರದು, ನಡುವೆ ಒಂದು ಗೇಣು ಗಾಳಿ ಆಡಬೇಕು. ಕಬ್ಬಿಣದ ಕೊಕ್ಕೆ ಹಾಕಬಾರದು. ಎಳೆಯಬಾರದು, ಎತ್ತಿಯೇ ಇಡಬೇಕು. ಮೂಲೆ ಮುರಿದರೆ ಆ ಕಟ್ಟು ಸತ್ತಂತೆ. ಕಟ್ಟಿನ ಮೇಲೆ ಯಾರೂ ಕೂರಬಾರದು. ರಾಯರು ಬೆಳಿಗ್ಗೆ ಬಂದವರೇ ಒಂದೊಂದು ಕಟ್ಟನ್ನೂ ಬೆರಳಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಮೂಸಿ ನೋಡುತ್ತಿದ್ದರು. ಒಣಗಿದ್ದು ಠಣ್ ಅನ್ನಬೇಕು. ತೇವ ಹಿಡಿದಿದ್ದರೆ ಧಪ್ ಅನ್ನುತ್ತದೆ. ಧಪ್ ಅಂದ ದಿನ ರಾಯರು ಮಧ್ಯಾಹ್ನದ ಊಟ ಬಿಡುತ್ತಿದ್ದರು. "ಕಟ್ಟಿಕೊಂಡ ಹೆಂಡತೀನ ಯಾವತ್ತಾದರೂ ಹೀಗೆ ಮೂಸಿದಾರಾ ಈ ಮನುಷ್ಯ?" ಅಂತ ತ್ರೇಸ್ಯಾ ಕೇಳುತ್ತಿದ್ದಳು. ಅದನ್ನು ಮಾತ್ರ ಜಯಮ್ಮ ಕನ್ನಡಕ್ಕೆ ತರುತ್ತಿರಲಿಲ್ಲ.

ಇನ್ನು ರಾಯರ ಮನೆ. ಅಲ್ಲಿ ವಾರಕ್ಕೊಮ್ಮೆ ಹಿತ್ತಲು ಗುಡಿಸಲು ಜಯಮ್ಮ ಹೋಗಬೇಕು. ಅದಕ್ಕೂ ಕೂಲಿ ಇಲ್ಲ, "ನಮ್ಮೂರವಳಲ್ಲವೇ" ಅನ್ನುವ ಪ್ರೀತಿ. ಗುಡಿಸಿ ಮುಗಿದ ಮೇಲೆ ರಾಯರ ಹೆಂಡತಿ ಅನಸೂಯಮ್ಮ ಕಾಫಿ ಕೊಡುತ್ತಿದ್ದರು. ತೆಂಗಿನ ಚಿಪ್ಪಿನಲ್ಲಿ. ಮೇಲಿಂದ ಸುರಿಯುತ್ತಿದ್ದರು, ಚಿಪ್ಪಿಗೆ ಪಾತ್ರೆ ತಾಗದ ಹಾಗೆ. ಊರು ಬಿಟ್ಟು, ಘಟ್ಟ ಇಳಿದು, ಬೇರೆ ರಾಜ್ಯಕ್ಕೆ ಬಂದಿದ್ದರು. ಚಿಪ್ಪನ್ನು ಬಿಟ್ಟು ಬಂದಿರಲಿಲ್ಲ. ಬಿಟ್ಟು ಬಂದಿದ್ದರೂ ಕೇರಳದಲ್ಲಿ ಚಿಪ್ಪಿಗೇನು ಬರವೇ?

ಕಟ್ಟೆಯ ಮೇಲೆ ಕಥೆ ಬೇರೆ. ಅಲ್ಲಿ ಜಯಮ್ಮ ಯಾರು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಕನ್ನಡದವಳು, ಮೈಸೂರು ಕಡೆಯವಳು, ಅಷ್ಟೇ ಗೊತ್ತು. ಹನ್ನೊಂದು ಗಂಟೆಗೆ ಚಹಾ ಬರುತ್ತಿತ್ತು, ಒಂದು ತಂಬಿಗೆ, ಒಂದೇ ಲೋಟ. ತ್ರೇಸ್ಯಾ ಕುಡಿದು ಕಾಳಿಕ್ಕುಟ್ಟಿಗೆ ಕೊಡುತ್ತಿದ್ದಳು, ಕಾಳಿಕ್ಕುಟ್ಟಿ ಕುಡಿದು ಸರೋಜಿನಿಗೆ, ಸರೋಜಿನಿ ಕುಡಿದು ಜಯಮ್ಮನಿಗೆ. ಯಾರೂ ತೊಳೆಯುತ್ತಿರಲಿಲ್ಲ. ಇನ್ನೊಬ್ಬರು ಕುಡಿದ ಲೋಟ ಜಯಮ್ಮನ ಕೈಗೆ ಹೀಗೆ ಬಂದದ್ದು ಬದುಕಿನಲ್ಲಿ ಅದೇ ಮೊದಲು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಧಾನಕ್ಕೆ ಕುಡಿಯುತ್ತಿದ್ದಳು. "ಬಿಸಿಯಿದೆಯಾ ಮೋಳೆ?" ಅಂತ ತ್ರೇಸ್ಯಾ ಕೇಳಿದರೆ ಹೂಂ ಅನ್ನುತ್ತಿದ್ದಳು. ಮೋಳೆ ಅಂದರೆ ಮಗಳೇ. ಈ ಲೋಟ ತಪ್ಪಿಹೋಗಬಾರದು ಅನ್ನುವ ಒಂದು ಹೆದರಿಕೆ ಅವಳಿಗೆ ಸದಾ ಇತ್ತು. ಕಾಳಿಕ್ಕುಟ್ಟಿಯೂ ಕೆಳಜಾತಿಯವಳೇ, ಆದರೆ ಅವಳು ಆ ಊರಿನವಳು, ಇವಳು ಹೊರಗಿನವಳು. ಗಂಡನನ್ನು ಬಿಟ್ಟರೆ ಎರ್ನಾಕುಲಂನಲ್ಲಿ ಅವಳ ಜಾತಿ ಬಲ್ಲವರು ಇಬ್ಬರೇ, ರಾಯರು ಮತ್ತು ಅವರ ಹೆಂಡತಿ.

ಈಗ ಮಳೆಯ ವಿಷಯಕ್ಕೆ ಬರೋಣ.

ದೋಣಿಗೆ ಹೊದಿಸಲು ಒಂದು ಟಾರ್ಪಾಲು ಇತ್ತು. ಅದು ನಡುವೆ ಹರಿದಿತ್ತು. ಹೊಸದು ಕೇಳಿದರೆ ರಾಯರು "ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದರು. ಮೇಲಿನವರ ಹತ್ತಿರ ಕೇಳಿದರೆ ತಮ್ಮ ಹೆಸರು ಕೆಡುತ್ತದೆ ಅಂತ ಅವರ ಲೆಕ್ಕ. ಆದರೆ ಕೊಚ್ಚಿಯ ಮಳೆ ಮುಂದಿನ ವರ್ಷದ ತನಕ ಕಾಯುತ್ತದೆಯೇ? ಇಲ್ಲಿ ಬಿಸಿಲು ಕಾಯುತ್ತಿದ್ದ ಹಾಗೇ ಸುರಿದುಬಿಡುತ್ತದೆ. ಹಿಂದಿನ ವರ್ಷ ಹಾಗೆ ಸುರಿದ ಒಂದು ದಿನ ರಾಯರಿಗೆ ಒಂದು ಉಪಾಯ ಹೊಳೆಯಿತು.

ಹೆಂಗಸರ ಹೆಗಲ ಮೇಲೆ ತೋರ್ತು ಇರುತ್ತಿತ್ತು. ತೋರ್ತು ಅಂದರೆ ಅಲ್ಲಿಯವರ ಬಿಳಿ ಪಂಚೆಯ ತುಂಡು, ಎದೆ ಮುಚ್ಚಿ ಹೆಗಲ ಮೇಲೆ ಹಾಕಿಕೊಳ್ಳುವುದು. ಒಳಗಿನ ಕುಪ್ಪಸ ಒಗೆದು ಒಗೆದು ಜರಡಿಯಾಗಿರುತ್ತದೆ, ಮಾನ ಉಳಿಸುವುದು ಆ ತೋರ್ತು. ಜಯಮ್ಮನೂ ಸೀರೆಯ ಸೆರಗು ಸಾಲದು ಅಂತ ಒಂದು ತೋರ್ತು ಹೊದೆಯುವುದು ಕಲಿತಿದ್ದಳು. ರಾಯರು ಜಗಲಿಯಿಂದ ಕೂಗಿದರು. "ಜಯಮ್ಮ, ಆ ಬಟ್ಟೆ ತೆಗೆದು ಕಟ್ಟಿನ ಮೇಲೆ ಹೊದಿಸೋಕೆ ಹೇಳೇ. ಬೇಗ, ಬೇಗ. ಒಂದರ ಮೇಲೆ ಒಂದು ಹೊದಿಸಲಿ."

ಜಯಮ್ಮ ಹೇಳಿದಳು. ಹೇಳುವುದೇ ಅವಳ ಕೆಲಸ ಆಗಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತೋರ್ತು ತೆಗೆದರು. ಕಾಗದ ನೆನೆಯದೆ ಒಳಗೆ ಹೋಯಿತು. ಹೆಂಗಸರು ನೆನೆದ ಕುಪ್ಪಸದಲ್ಲಿ, ಎರಡೂ ಕೈ ಮೇಲೆತ್ತಿ ತಲೆಯ ಭಾರ ಹಿಡಿದುಕೊಂಡು, ಮಾರ್ಕೆಟ್ಟಿನ ಗಂಡಸರ ನಡುವೆ ನಡೆದರು. ಎರಡೂ ಕೈ ಮೇಲಿದ್ದರೆ ಎದೆ ಮುಚ್ಚಿಕೊಳ್ಳುವುದು ಯಾವ ಕೈಯಲ್ಲಿ? ಅಂಗಡಿಯವರು ತಕ್ಕಡಿ ಬಿಟ್ಟು ನೋಡಿದರು. ಒಬ್ಬ ಶಿಳ್ಳೆ ಹಾಕಿದ. ಗಂಡಾಳುಗಳ ಹೆಗಲಲ್ಲೂ ತೋರ್ತು ಇತ್ತು. ಅವರನ್ನು ಕೇಳುವ ಧೈರ್ಯ ರಾಯರಿಗೆ ಇರಲಿಲ್ಲ. ಕೇಳಿದ್ದರೆ ಅವರು ರಾಯರನ್ನೇ ಕಾಲುವೆಗೆ ಎಸೆಯುತ್ತಿದ್ದರು.

ಆ ಮಳೆಗಾಲವೆಲ್ಲ ಹೀಗೇ ನಡೆಯಿತು. ಪ್ರತಿ ಸಲವೂ ಆ ಮಾತು ಜಯಮ್ಮನ ಬಾಯಿಂದಲೇ ಬರಬೇಕು. ತ್ರೇಸ್ಯಾ ಬೈಯುತ್ತಿರಲಿಲ್ಲ. ಒಂದು ದಿನ ಮಾತ್ರ ಕೇಳಿದಳು. "ಇದನ್ನ ಹೇಳುವಾಗ ನಿನ್ನ ನಾಲಿಗೆ ಕಹಿಯಾಗೋದಿಲ್ಲವಾ ಮೋಳೆ?" ಜಯಮ್ಮ ಅವತ್ತು ರಾತ್ರಿ ಮುದ್ದೆ ಉಣ್ಣಲಿಲ್ಲ.

ಈ ವರ್ಷದ ಮಳೆ ಹಿಡಿದು ಸ್ವಲ್ಪ ದಿನವಾಗಿತ್ತು. ತಿರುವನಂತಪುರಕ್ಕೆ ಹೋಗಬೇಕಾದ ಮಾಲು ದೋಣಿಯಲ್ಲಿ ಬಂತು. ಮೇಣ ಹಚ್ಚಿದ ಒಳ್ಳೆಯ ಕಾಗದ, ಆದರೂ ಅಂಚಿಗೆ ನೀರು ತಾಗಿದರೆ ಕೆಟ್ಟಿತು. ಅಲ್ಲಿಯ ತುಂಬಾ ಅನ್ನುವ ಊರಿನ ಕಡಲತೀರದಲ್ಲಿ ರಾಕೆಟ್ಟು ಹಾರಿಸಲು ಶುರುವಾದ ಮೇಲೆ ಆ ಕಡೆ ನಾಜೂಕು ಸಾಮಾನುಗಳ ಓಡಾಟ ಹೆಚ್ಚಿತ್ತು. ಪೆಟ್ಟಿಗೆ ಕಟ್ಟುವವರಿಗೆ ಇಂಥ ಕಾಗದವೇ ಬೇಕು. ಲಾರಿ ಬಂದು ನಿಂತಿತ್ತು. ರಾಯರು ಅವತ್ತು ಜಗಲಿಯಲ್ಲಿ ಕೂರಲಿಲ್ಲ. ಶಲ್ಯ ಹೊದ್ದು, ಕೊಡೆ ಹಿಡಿದು ಕಟ್ಟೆಯ ಮೆಟ್ಟಿಲಿಗೇ ಬಂದು ನಿಂತರು.

ಕಾಳಿಕ್ಕುಟ್ಟಿ ಹೆರಿಗೆ ಮುಗಿಸಿ ಆ ವಾರವಷ್ಟೇ ಕೆಲಸಕ್ಕೆ ಬಂದಿದ್ದಳು. ಕೂಸು ಮನೆಯಲ್ಲಿ ಅಜ್ಜಿಯ ಹತ್ತಿರ. ಹೊತ್ತು ಏರಿದ ಹಾಗೆ ಎದೆ ಹಾಲು ಕಟ್ಟಿ ಸೋರುತ್ತಿತ್ತು. ಕುಪ್ಪಸ ಮುಂದುಗಡೆ ಒದ್ದೆ. ತೋರ್ತನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಸುತ್ತಿಕೊಂಡಿದ್ದಳು. ಹಾಗೆ ಸುತ್ತಿಕೊಂಡೇ ಬೆಳಿಗ್ಗೆಯಿಂದ ಹೊತ್ತಿದ್ದಳು.

ದೋಣಿ ಕಟ್ಟೆಗೆ ಕಟ್ಟಿ ಅರ್ಧ ಮಾಲು ಇಳಿದಿತ್ತು. ಆಕಾಶ ಕಪ್ಪಗಾಗಿ ದಪ್ಪ ಹನಿ ಬೀಳತೊಡಗಿತು. ಟಾರ್ಪಾಲು ಎಳೆದರು. ಅದು ನಡುವೆ ಬಾಯಿ ಬಿಟ್ಟಿತು.

"ಜಯಮ್ಮ, ಬಟ್ಟೆ. ಹೇಳೇ ಬೇಗ."

ಜಯಮ್ಮ ದೋಣಿಯಲ್ಲಿ ನಿಂತಿದ್ದಳು. ಕಾಳಿಕ್ಕುಟ್ಟಿಗೆ ಕನ್ನಡ ಬಾರದು, ಆದರೂ ಆ ಮಾತಿನ ಸದ್ದು ಅವಳಿಗೆ ಗೊತ್ತು. ಅವಳ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಜಯಮ್ಮ ಆ ಕೈಯನ್ನು ನೋಡಿದಳು.

"ನಾ ಹೇಳಾಕಿಲ್ಲ ಬುದ್ಧಿ."

ಬುದ್ಧಿ ಅನ್ನುವುದು ಅವಳ ಊರಿನ ರೂಢಿ. ಅವಳ ಅಪ್ಪ ಮೇಲಿನ ಜಾತಿಯವರನ್ನೆಲ್ಲ ಹಾಗೇ ಕರೆದಿದ್ದ. ಇಲ್ಲಿಯ ಹೆಂಗಸರು ರಾಯರನ್ನು ಬರೀ ಸಾರೇ ಅನ್ನುತ್ತಿದ್ದರು.

"ಏನಂದೆ?"

"ಆ ಮಾತ ಹೇಳಾಕಿಲ್ಲ. ಕಾಗದ ಹೊರ್ತೀನಿ. ಇನ್ನೂ ಹತ್ತು ದೋಣಿ ತರ್ಸಿ, ಹೊರ್ತೀನಿ. ಈ ಮಾತ ಹೊರಾಕಿಲ್ಲ."

"ತಲೆ ಕೆಟ್ಟಿದೆಯೇನೇ? ಮಾಲು ನೆನೀತಿದೆ."

"ಮಾಲು ಒಂದೇ ಅಲ್ಲ ಕನ ನೆನೀತಿರೋದು."

ರಾಯರಿಗೆ ಕೋಪ ಬಂತು. ಕೋಪ ಬಂದರೆ ಏನು ಮಾಡುತ್ತಾರೆ? ಬೈಯಲು ಭಾಷೆ ಬೇಕಲ್ಲ. ಕೊನೆಗೆ ತಾವೇ ಹೇಳುತ್ತೇನೆ ಅಂತ ಮೆಟ್ಟಿಲು ಇಳಿದರು. ಹೆಂಗಸರ ಕಡೆ ತಿರುಗಿ ಕೈಸನ್ನೆ ಶುರು ಮಾಡಿದರು. ತಮ್ಮ ಹೆಗಲ ಶಲ್ಯವನ್ನು ಚಿಟಿಕೆಯಲ್ಲಿ ಹಿಡಿದು ಎತ್ತಿ ತೋರಿಸಿದರು. ಆಮೇಲೆ ಕಾಗದದ ಕಟ್ಟಿನ ಕಡೆ ಬೆರಳು ಮಾಡಿದರು. ತಿರುಗಿ ಶಲ್ಯ ಎತ್ತಿದರು, ತಿರುಗಿ ಕಟ್ಟು ತೋರಿಸಿದರು.

ಹೆಂಗಸರಿಗೆ ಅರ್ಥವಾಗದೆ ಇರುತ್ತದೆಯೇ? ಒಂದು ಮಳೆಗಾಲವಿಡೀ ಅನುಭವಿಸಿದವರು. ಆದರೆ ಜಯಮ್ಮ ಬಾಯಿ ಮುಚ್ಚಿ ನಿಂತದ್ದನ್ನು ತ್ರೇಸ್ಯಾ ನೋಡಿದ್ದಳು. ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡಳು. ಮುಖದಲ್ಲಿ ಭಾರೀ ಭಕ್ತಿ ತಂದುಕೊಂಡು ಮುಂದೆ ಬಂದಳು.

"ಅಯ್ಯೋ ಸಾರೇ, ನಿಮ್ಮ ಮನಸ್ಸು ಎಷ್ಟು ದೊಡ್ಡದು," ಅಂದಳು. ಅಂದು ರಾಯರ ಹೆಗಲಿಂದ ಶಲ್ಯ ಎಳೆದುಕೊಂಡಳು. ನಾಜೂಕಾಗಿ ಒದರಿ ಒಂದು ಕಟ್ಟಿನ ಮೇಲೆ ಹೊದಿಸಿದಳು.

ರಾಯರು ಅಲ್ಲ ಅಲ್ಲ ಅಂತ ಕೈ ಆಡಿಸಿದರು. ಶಲ್ಯ ಸಾಲುವುದಿಲ್ಲ ಅನ್ನುತ್ತಿದ್ದಾರೆ ಅಂತ ಸರೋಜಿನಿ ಅರ್ಥ ಮಾಡಿಕೊಂಡಳು, ಅಥವಾ ಅರ್ಥ ಮಾಡಿಕೊಂಡ ಹಾಗೆ ನಟಿಸಿದಳು. ಕೊಡೆ ಇಸಿದುಕೊಂಡು ಇನ್ನೊಂದು ಕಟ್ಟಿಗೆ ಹಿಡಿದಳು. ಕಾಳಿಕ್ಕುಟ್ಟಿ ಒಂದು ಕೈಯಲ್ಲಿ ತನ್ನ ತೋರ್ತು ಬಿಗಿ ಹಿಡಿದುಕೊಂಡು ಇನ್ನೊಂದು ಕೈಯನ್ನು ರಾಯರ ಅಂಗಿಯ ಕಡೆ ಚಾಚಿದಳು. ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ಮಳೆ ಜೋರಾಯಿತು. ರಾಯರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಮೇಣದ ಕಾಗದದ ಕಟ್ಟು ನೋಡಿದರು. ಕಟ್ಟಿನ ಮೇಲೆ ಹನಿ ಬೀಳುತ್ತಿತ್ತು. ಆ ಮನುಷ್ಯನಿಗೆ ಕಾಗದದ ಮೇಲೆ ಪ್ರಾಣ ಅಂತ ಆಗಲೇ ಹೇಳಿದೆನಲ್ಲ. ಅಂಗಿ ಬಿಚ್ಚಿಕೊಟ್ಟರು.

ಈಗ ನೋಡಿ, ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಕಟ್ಟೆಯ ಮೇಲೆ ಬಂತು. ಬಾಳೆಕಾಯಿ ಅಂಗಡಿಯವನು ಬಂದ, ಮೀನಿನವನು ಬಂದ, ದೋಣಿಯವರು ಎದ್ದು ನಿಂತರು. ರಾಯರು ಬರಿಮೈಯಲ್ಲಿ, ಜನಿವಾರ ಹೊಟ್ಟೆಗೆ ಅಂಟಿಕೊಂಡು, ಎರಡೂ ಕೈ ಎದೆಗೆ ಅಡ್ಡ ಇಟ್ಟುಕೊಂಡು ನಿಂತಿದ್ದರು. ಹಿಂದಿನ ವರ್ಷದ ಹಾಗೇ ಯಾರೋ ಶಿಳ್ಳೆ ಹಾಕಿದರು. ಹೆಂಗಸರ ಕಣ್ಣು ಮೆಲ್ಲಗೆ ಅಂಗಿಯಿಂದ ಕೆಳಗಿಳಿದು ಪಂಚೆಯ ಮೇಲೆ ನಿಂತಿತು. ರಾಯರು ಪಂಚೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಟ್ಟೆಯ ಮೇಲೆ ನಗು ಎದ್ದಿತು. ಜಯಮ್ಮನಿಗೂ ತಡೆಯಲಾಗಲಿಲ್ಲ.

ತ್ರೇಸ್ಯಾ ಅಷ್ಟರಲ್ಲಿ ಪಕ್ಕದ ಕೊಬ್ಬರಿ ಗೋಡೌನಿಗೆ ಹೋಗಿ ಒಂದು ಟಾರ್ಪಾಲು ಕೇಳಿ ತಂದಳು. ಹೌದು, ಕೇಳಿದರೆ ಕೊಡುತ್ತಿದ್ದರು. ಹಿಂದಿನ ವರ್ಷವೂ ಕೊಡುತ್ತಿದ್ದರು. ಪಕ್ಕದವರನ್ನು ಕೇಳುವುದು ರಾಯರಿಗೆ ಅವಮಾನ ಅನ್ನಿಸಿತ್ತು. ಹೆಂಗಸರ ಬಟ್ಟೆ ಬಿಚ್ಚಿಸುವುದು ಅವಮಾನ ಅನ್ನಿಸಿರಲಿಲ್ಲ.

ನಗು ನೋಡಿ ರಾಯರ ಕೋಪ ನೆತ್ತಿಗೆ ಏರಿತು. ಸೀದಾ ಜಯಮ್ಮನ ಕಡೆ ತಿರುಗಿದರು.

"ನಗ್ತೀಯಾ? ನಿನ್ನ ಜಾತಿ ಯಾವುದು ಅಂತ ಇವರಿಗೆ ಗೊತ್ತೇನೇ? ಹೇಳಲಾ? ಹೇಳಿದ ಮೇಲೆ ಇವರ ಲೋಟ ನಿನಗೆ ಸಿಗುತ್ತೋ ನೋಡ್ತೀನಿ."

ಜಯಮ್ಮನ ನಗು ನಿಂತಿತು. ಲೋಟ ಕಣ್ಣ ಮುಂದೆ ಬಂತು. ತ್ರೇಸ್ಯಾಳ ತುಟಿ, ಕಾಳಿಕ್ಕುಟ್ಟಿಯ ತುಟಿ, ಸರೋಜಿನಿಯ ತುಟಿ, ಆಮೇಲೆ ತನ್ನದು. ರಾಯರು ಅವಳ ಮುಖ ನೋಡಿ ಗೆದ್ದೆ ಅಂದುಕೊಂಡರು. ಅಷ್ಟರಲ್ಲಿ ಜಯಮ್ಮನಿಗೆ ಒಂದು ವಿಷಯ ಹೊಳೆಯಿತು. ಹೊಳೆದದ್ದೇ ತಡ, ಬೆನ್ನು ನೆಟ್ಟಗಾಯಿತು.

"ಹೇಳಿ ಸಾರ್," ಅಂದಳು. ಬುದ್ಧಿ ಅನ್ನಲಿಲ್ಲ. "ಹೇಳಿ. ಯಾವ ಭಾಷೇಲಿ ಹೇಳ್ತೀರಾ?"

ರಾಯರು ಬಾಯಿ ತೆರೆದರು. ಹೆಂಗಸರನ್ನು ನೋಡಿದರು. ಬಾಯಿ ಮುಚ್ಚಿದರು. ಕೈಸನ್ನೆಯಲ್ಲಿ ಹೇಳೋಣ ಅಂದರೆ ಜಾತಿಗೆ ಸನ್ನೆ ಎಲ್ಲಿದೆ? ಅದೂ ಅಲ್ಲದೆ ಈಗಷ್ಟೇ ಮಾಡಿದ ಕೈಸನ್ನೆಯಿಂದ ಅಂಗಿ ಹೋಗಿತ್ತು. ಇನ್ನೊಂದು ಮಾಡಿದರೆ ಏನು ಹೋಗುತ್ತದೋ ಯಾರಿಗೆ ಗೊತ್ತು.

"ಏನಂತೆ ಮೋಳೆ ಸಾರಿಗೆ?" ತ್ರೇಸ್ಯಾ ಕೇಳಿದಳು.

ಜಯಮ್ಮ ಏನು ಬೇಕಾದರೂ ಹೇಳಬಹುದಿತ್ತು. ಚಳಿಯಾಗ್ತಿದೆಯಂತೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಇವತ್ತು ತಪ್ಪಿಸಿಕೊಂಡರೆ ನಾಳೆ ಇದೇ ಬೆದರಿಕೆ. ಈ ಹಗ್ಗದ ತುದಿ ರಾಯರ ಕೈಯಲ್ಲಿ ಇರುವ ತನಕ ಅವರು ಎಳೆಯುತ್ತಲೇ ಇರುತ್ತಾರೆ. ಅವಳು ಗಟ್ಟಿಯಾಗಿ, ಕಟ್ಟೆಗೆಲ್ಲ ಕೇಳುವ ಹಾಗೆ, ಮಲಯಾಳದಲ್ಲಿ ಹೇಳಿದಳು.

"ನಮ್ಮೂರಲ್ಲಿ ನಾವು ಹೊಲೆಯರು. ನಿಮ್ಮಲ್ಲಿ ಪುಲಯರು ಇದ್ದಾರಲ್ಲ, ಹಾಗೆ. ಇವರ ಮನೆ ಹಿತ್ತಲಲ್ಲಿ ನನಗೆ ಚಿಪ್ಪಲ್ಲಿ ಕಾಫಿ ಹುಯ್ತಾರೆ. ಅದನ್ನ ನಿಮಗೆ ಹೇಳಿಬಿಡ್ತೀನಿ ಅಂತ ಹೆದರಿಸ್ತಿದಾರೆ. ಅವರಿಗೆ ಹೇಳೋಕೆ ಬರಲ್ಲ. ಅದಕ್ಕೆ ನಾನೇ ಹೇಳ್ತಿದೀನಿ."

ಹೇಳಿ ಮುಗಿಸಿದವಳು ತ್ರೇಸ್ಯಾಳ ಮುಖ ನೋಡಿದಳು.

"ಚಿಪ್ಪಲ್ಲಾ?" ತ್ರೇಸ್ಯಾ ಕೇಳಿದಳು.

"ಹೂಂ."

"ತೆಂಗಿನ ಚಿಪ್ಪಲ್ಲಾ?"

"ಹೂಂ ಚೇಟತ್ತಿ."

ತ್ರೇಸ್ಯಾ ರಾಯರನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು. ಎಲೆಅಡಿಕೆಯನ್ನು ಕಾಲುವೆಗೆ ಉಗಿದಳು. "ಸರಿ, ಆ ತುದಿ ಹಿಡಿ ಮೋಳೆ. ಟಾರ್ಪಾಲು ಗಾಳಿಗೆ ಹಾರ್ತಿದೆ," ಅಂದಳು.

ಕಾಳಿಕ್ಕುಟ್ಟಿ ಜಯಮ್ಮನ ಪಕ್ಕೆಗೆ ಮೊಣಕೈಯಿಂದ ತಿವಿದಳು. "ನಾನು ಪುಲಯತ್ತಿ ಅಂತ ನಿನಗೆ ಮೊದಲಿಂದ ಗೊತ್ತು. ನನ್ನ ಎಂಜಲು ಲೋಟ ಕುಡಿದೆ. ಆಗ ನಿನ್ನ ಜಾತಿ ನಾನು ಕೇಳಿದೆನಾ? ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಟುಕೊಂಡಿದ್ದೆಯಲ್ಲ, ನನ್ನ ಹೆರಿಗೆಗಿಂತ ಕಷ್ಟ ನಿನ್ನದು." ಜಯಮ್ಮ ಟಾರ್ಪಾಲಿನ ತುದಿ ಹಿಡಿದುಕೊಂಡು ಅತ್ತಳು, ನಕ್ಕಳು. ಮಳೆಯಲ್ಲಿ ಯಾವುದು ಯಾವುದು ಅಂತ ಯಾರಿಗೂ ತಿಳಿಯಲಿಲ್ಲ.

ಎಲ್ಲರೂ ದೇವತೆಗಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಸರೋಜಿನಿ ಈಳವರವಳು, ಅಲ್ಲಿ ಪುಲಯರಿಗಿಂತ ಒಂದು ಮೆಟ್ಟಿಲು ಮೇಲಿನವರು. ಕಾಳಿಕ್ಕುಟ್ಟಿ ಕುಡಿದ ಲೋಟದಲ್ಲೇ ಕುಡಿದವಳು, ಆದರೆ ಈಗ ಜಾತಿಯ ಮಾತು ಮಾರ್ಕೆಟ್ಟಿಗೆಲ್ಲ ಕೇಳಿತ್ತು. ಮರುದಿನ ಚಹಾ ಬಂದಾಗ ಅವಳು ಬೇಡ, ಹೊಟ್ಟೆ ಸರಿಯಿಲ್ಲ ಅಂದಳು. ಅದರ ಮರುದಿನವೂ ಹೊಟ್ಟೆ ಸರಿಯಿರಲಿಲ್ಲ. ಕಾಳಿಕ್ಕುಟ್ಟಿ ದಿನಾ ಅವಳ ಹೊಟ್ಟೆಯ ಕ್ಷೇಮ ವಿಚಾರಿಸಿದಳು, ಜೀರಿಗೆ ಕಷಾಯ ಮಾಡಿ ತರಲಾ ಅಂತ ಎಲ್ಲರೆದುರು ಕೇಳಿದಳು. ಕಡೆಗೊಂದು ದಿನ ಸರೋಜಿನಿ ನಾಚಿಕೊಂಡು ಲೋಟ ಕಿತ್ತುಕೊಂಡು ಕುಡಿದಳು. ಹೊಟ್ಟೆ ಸರಿಹೋಯಿತು.

ಅದು ಆಮೇಲಿನ ಮಾತು. ಆ ಸಂಜೆ ಪುಟ್ಟಸ್ವಾಮಿ ಸುದ್ದಿ ಕೇಳಿ ಗೋಡೌನಿನ ಹಿಂದಿನ ಕೋಣೆಯಲ್ಲಿ ಟ್ರಂಕು ತುಂಬತೊಡಗಿದ್ದ. ಒಳ್ಳೆಯ ಮನುಷ್ಯ, ಹೆದರುಪುಕ್ಕಲ.

"ಏನ್ ಕೆಲ್ಸ ಮಾಡ್ಬುಟ್ಟೆ ಕನಮ್ಮಿ," ಅಂದ. "ನಾಳೀಕೆ ನಮ್ನ ರೈಲು ಹತ್ತುಸ್ತಾರೆ."

"ಮುದ್ದೆ ಕೋಲ್ನೂ ತುಂಬ್ಬುಟ್ಟಾ? ರಾತ್ರಿಗೆ ಯಾವುದ್ರಲ್ಲಿ ತಿರುವ್ಲಿ?"

ಪುಟ್ಟಸ್ವಾಮಿ ಟ್ರಂಕು ಕೆದಕಿ ಕೋಲು ತೆಗೆದುಕೊಟ್ಟ. ಅವತ್ತು ಜಯಮ್ಮ ಎರಡು ಮುದ್ದೆ ಉಂಡಳು.

ಬೆಳಿಗ್ಗೆ ಇನ್ನೊಂದು ದೋಣಿ ಬಂದು ನಿಂತಿತ್ತು. ಹೆಂಗಸರು ಯಾರೂ ದೋಣಿ ಮುಟ್ಟಲಿಲ್ಲ. ಗೋಡೌನಿನ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ರಾಯರು ಶೀತ ಹಿಡಿದು ಸೀನುತ್ತಾ ಬಂದರು. ಜಯಮ್ಮನ ಬಾಯಿ ಬೇಡ ಅಂತ ಪಕ್ಕದ ಕಂಪನಿಯ ಒಬ್ಬ ತಮಿಳು ಗುಮಾಸ್ತನನ್ನು ಕರೆತಂದಿದ್ದರು. ಆತ ತಮಿಳಿನಲ್ಲಿ ಹೇಳಿದ. ಹೆಂಗಸರು ಮುಖ ಮುಖ ನೋಡಿಕೊಂಡರು. ಒಂದಕ್ಷರವೂ ತಿಳಿಯುವುದಿಲ್ಲ ಅಂತ ತಲೆ ಆಡಿಸಿದರು. ಕೇರಳದಲ್ಲಿ ತಮಿಳು ಇಷ್ಟೊಂದು ಅರ್ಥವಾಗದ ಭಾಷೆ ಅಂತ ಆ ಬಡ ಗುಮಾಸ್ತನಿಗೆ ಅವತ್ತೇ ಗೊತ್ತಾದದ್ದು. ಆತ ಕೈಮುಗಿದು ಹೊರಟುಹೋದ.

ಕೊನೆಗೆ ರಾಯರು ಜಯಮ್ಮನ ಕಡೆ ನೋಡಿದರು. "ಏನಂತೆ ಇವರಿಗೆ?"

ಇಷ್ಟು ದಿನ ಮಾತು ಜಗಲಿಯಿಂದ ಕೆಳಗೆ ಬರುತ್ತಿತ್ತು. ಅವತ್ತು ರಾಯರು ಅಂಗಳದಲ್ಲಿ ನಿಂತಿದ್ದರು, ಹೆಂಗಸರು ಜಗಲಿಯಲ್ಲಿ ಕೂತಿದ್ದರು. ಜಯಮ್ಮ ಹೆಂಗಸರ ಮಾತನ್ನು ಕನ್ನಡಕ್ಕೆ ತಂದಳು.

"ಹೊಸಾ ಟಾರ್ಪಾಲು ಬೇಕು ಅಂತಾವ್ರೆ. ಒಂದಲ್ಲ, ಎರಡು. ಮಳೆ ಬಂದ್ರೆ ಮಾಲು ದೋಣೀಲೇ ಮುಚ್ಕೊಂಡು ಇರ್ಬೇಕು, ಇವ್ರು ಜಗಲೀಲಿ ಇರ್ಬೇಕು. ನೆಂದ್ಕೊಂಡು ಹೊರಾಕಿಲ್ವಂತೆ. ಕಾಳಿಕ್ಕುಟ್ಟಿ ಮಧ್ಯಾಹ್ನ ಮನೆಗೋಗಿ ಮಗೀಗೆ ಹಾಲು ಕುಡ್ಸಿ ಬರ್ಬೇಕು. ಬಟ್ಟೆ ತಂಟೆಗೆ ಇನ್ನೊಂದ್ಸಲ ಬರ್ಬೇಡಿ ಅಂತಾವ್ರೆ."

"ಇದೆಲ್ಲಾ ಅವರು ಹೇಳಿದ್ದೋ, ನೀನು ಹೇಳ್ತಿರೋದೋ?"

"ನೀವೇ ಕೇಳಿ ನೋಡಿ ಸಾರ್."

ರಾಯರು ಸೀನಿದರು. ದೋಣಿಯ ಕಡೆ ನೋಡಿದರು. ಆಕಾಶ ನೋಡಿದರು. ಪಡುವಣದಲ್ಲಿ ಕಪ್ಪು ಕಟ್ಟುತ್ತಿತ್ತು, ತಿರುವನಂತಪುರದವರು ಫೋನು ಮಾಡುತ್ತಲೇ ಇದ್ದರು. ಮುಂದಿನ ವರ್ಷ ನೋಡೋಣ ಅಂದಿದ್ದ ಟಾರ್ಪಾಲು ಊಟದ ಹೊತ್ತಿಗೆ ಬಂದುಬಿಟ್ಟಿತು. ಎರಡು ಬಂದವು, ಒಳ್ಳೆ ಗಟ್ಟಿಯಾದವು.

ಆ ವಾರ ಹಿತ್ತಲು ಗುಡಿಸಿದ ಮೇಲೆ ಅನಸೂಯಮ್ಮ ಎಂದಿನಂತೆ ಕಾಫಿ ತಂದರು. "ಲೋಟದಲ್ಲಿ ಕೊಟ್ರೆ ಕುಡೀತೀನಿ ಕನಮ್ಮ," ಅಂದಳು ಜಯಮ್ಮ. ಅನಸೂಯಮ್ಮ ಲೋಟ ತರಲಿಲ್ಲ. ಜಯಮ್ಮ ಮುಂದಿನ ವಾರದಿಂದ ಹಿತ್ತಲು ಗುಡಿಸಲು ಹೋಗಲಿಲ್ಲ. ಆ ಬಿಟ್ಟಿ ಕಾಫಿ, ಆ ಬಿಟ್ಟಿ ಕೆಲಸ ಎರಡೂ ಅಲ್ಲಿಗೆ ಮುಗಿದವು.

ರಾಯರು ಜಯಮ್ಮನನ್ನು ಕೆಲಸದಿಂದ ತೆಗೆಯುತ್ತಾರೆ ಅಂತ ಪುಟ್ಟಸ್ವಾಮಿ ದಿನಾ ಕಾಯುತ್ತಿದ್ದ. ತೆಗೆದರೆ ಮಾತಾಡುವವರು ಯಾರು? ಅದರ ಬದಲು ಇನ್ನೊಂದಾಯಿತು. ತಿರುವನಂತಪುರದಲ್ಲಿ ವ್ಯಾಪಾರ ಕುದುರಿತು ಅಂತ ಮಿಲ್ಲಿನವರು ಅಲ್ಲಿಯ ಚಾಲೆ ಬಜಾರಿನ ಹತ್ತಿರ ಇನ್ನೊಂದು ಗೋಡೌನು ಹಿಡಿದರು. ರಾಯರೇ ಹೋಗಿ ಶುರು ಮಾಡಿಕೊಡಬೇಕು. ರಾಯರು ಜಯಮ್ಮನನ್ನು ಕರೆದರು. "ನೀನೂ ಬರಬೇಕು. ಇದಕ್ಕೆ ಬೇರೆ ಕೂಲಿ ಕೊಡ್ತೀನಿ," ಅಂತ ಅವರೇ ಮೊದಲು ಹೇಳಿದರು. ಜಯಮ್ಮ ಲಾರಿಯಲ್ಲಿ ಡ್ರೈವರನ ಪಕ್ಕ ಕೂತು, ಆಲಪ್ಪುಳ ಕೊಲ್ಲಂ ಎಲ್ಲ ನೋಡಿಕೊಂಡು, ದಾರಿಯುದ್ದಕ್ಕೂ ಕಡಲೆಕಾಯಿ ತಿಂದುಕೊಂಡು ತಿರುವನಂತಪುರಕ್ಕೆ ಹೋದಳು.

ತುಲಾ ತಿಂಗಳು. ಅಲ್ಲಿ ಮಧ್ಯಾಹ್ನವಾದರೆ ಗುಡುಗು ಹಾಕಿ ಮಳೆ ಬರುವ ಕಾಲ. ಹೊಸ ಗೋಡೌನಿನ ಮುಂದೆ ಹೊಸ ಹೆಂಗಸರು ನಿಂತಿದ್ದರು. ಎಲ್ಲರ ಹೆಗಲಲ್ಲೂ ತೋರ್ತು. ಈ ಕನ್ನಡದವಳು ಏನು ಹೇಳುತ್ತಾಳೋ ಅಂತ ನೋಡುತ್ತಿದ್ದರು. ರಾಯರು ಗಂಟಲು ಸರಿಮಾಡಿಕೊಂಡು ಕಟ್ಟಳೆ ಹೇಳಿದರು. ನೆಲಕ್ಕೆ ತಾಗಬಾರದು, ಗೋಡೆಗೆ ಒರಗಬಾರದು, ಕೊಕ್ಕೆ ಬೇಡ, ಎಳೆಯಬಾರದು.

ಜಯಮ್ಮ ಮುಂದೆ ಬಂದಳು. ಕಟ್ಟಳೆಗೆ ಮೊದಲು ತನ್ನ ಹೆಸರು ಹೇಳಿದಳು, ಊರು ಹೇಳಿದಳು, ಜಾತಿ ಹೇಳಿದಳು. ಇನ್ನು ಮೇಲೆ ಅದು ಬೇರೆ ಯಾರ ಕೈಯಲ್ಲೂ ಇರಕೂಡದು. ಒಬ್ಬಳು ಹುಬ್ಬು ಹಾರಿಸಿದಳು. ಹಾರಿಸಿಕೊಳ್ಳಲಿ ಅಂದುಕೊಂಡು ಜಯಮ್ಮ ಮುಂದುವರಿಸಿದಳು. ನೆಲ, ಗೋಡೆ, ಕೊಕ್ಕೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಆಮೇಲೆ ಇನ್ನೂ ಏನೋ ಹೇಳಿದಳು. ಹೆಂಗಸರು ಒಮ್ಮೆಲೇ ರಾಯರ ಕಡೆ ತಿರುಗಿ ನೋಡಿ ನಕ್ಕರು.

"ಇಷ್ಟುದ್ದ ಏನು ಹೇಳಿದೆ?" ರಾಯರಿಗೆ ಅನುಮಾನ. "ನಾನು ಹೇಳಿದ್ದು ನಾಲ್ಕೇ ಮಾತು."

"ನೀವು ಹೇಳಿದ್ದೆಲ್ಲ ಹೇಳ್ದೆ ಸಾರ್. ಒಂದ ಸೇರುಸ್ದೆ."

"ಏನದು?"

"ಹೆಗಲ ಮೇಲಿನ ಬಟ್ಟೆ ಅವರವರದು ಅಂತ. ಮಳೆ ಬಂದ್ರೂ ಅವರದೇ, ಮ್ಯಾನೇಜರು ಬಂದ್ರೂ ಅವರದೇ ಅಂತ."

ದೂರದಲ್ಲಿ ಗುಡುಗಿತು. "ಸರಿ, ಸರಿ. ಕೆಲಸ ಶುರು ಮಾಡೋಕೆ ಹೇಳಮ್ಮ," ಅಂದರು ರಾಯರು.

"ಅದನ್ನ ನೀವೇ ಹೇಳಿ ಸಾರ್," ಅಂದಳು ಜಯಮ್ಮ. "ಹೇಳ್ಕೊಡ್ತೀನಿ, ಏನ್ ಕಷ್ಟ ಇಲ್ಲ. ಮೊದಲು ಚೇಚಿ ಅನ್ನಿ. ಚೇಚಿ ಅಂದ್ರೆ ಅಕ್ಕ."

ಹೆಂಗಸರು ಕಾದು ನಿಂತರು. ರಾಯರು ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡು, ತುಟಿ ಒದ್ದೆ ಮಾಡಿಕೊಂಡು, "ಚೇಚಿ" ಅಂದರು.